ಬಿಸಿನೀರಿಗಾಗಿ ಹಾಕಿದ ಬೀಗ

ಮಗಳು ಚೊಚ್ಚಲ ಹೆರಿಗೆಗೆಂದು ನನ್ನ ಮನೆಗೆ ಬಂದಿದ್ದ ಬೇಸಿಗೆಯಲ್ಲಿ ನಮ್ಮ ಗೀಸರ್ ಹಾಳಾಯಿತು. ಅದೂ ಬಾಣಂತಿ ಸ್ನಾನಕ್ಕೆ ಕೂತಿದ್ದಾಗಲೇ. ತಳವನ್ನು ತುಕ್ಕು ತಿಂದು ತೂತು ಮಾಡಿತ್ತು. ಕಂದು ನೀರು ಬಚ್ಚಲಿನ ಗೋಡೆಯ ಮೇಲೆ ಇಳಿಯಿತು, ಮರುಕ್ಷಣ ಮನೆಯ ಕರೆಂಟೆಲ್ಲ ಹೋಯಿತು. ಮೈತುಂಬ ಎಣ್ಣೆ ಹಚ್ಚಿಕೊಂಡು ಮಣೆಯ ಮೇಲೆ ಕೂತಿದ್ದ ಮಗಳು, ನಾನು ಗೀಸರಿನತ್ತ ಕೈ ಚಾಚಿದ್ದನ್ನು ಕಂಡು ಕಿರುಚಿದಳು.

"ಉಮ್ಮಾ, ಗೋಡೆ ಮುಟ್ಬೇಡಿ! ಶಾಕ್ ಹೊಡೀತದೆ!"

ಕೈ ಹಿಂದೆಗೆದೆ.

ನಾನಿರುವುದು ಮಂಗಳೂರಿನ ಪಂಪ್‌ವೆಲ್ ಹತ್ತಿರದ ಒಂದು ಕಟ್ಟಡದ ಕೊನೆಯ ಮಹಡಿಯಲ್ಲಿ. ಗಂಡ ಸೌದಿಯಲ್ಲಿ, ವರ್ಷಕ್ಕೊಮ್ಮೆ ರಜೆಯ ಮೇಲೆ ಬರುವವರು. ತೊಕ್ಕೊಟ್ಟಿನಲ್ಲಿ ನನ್ನದೊಂದು ಬಟ್ಟೆ ಅಂಗಡಿ ಇದೆ. ಅದನ್ನು ಶುರು ಮಾಡಿದ್ದು ನನ್ನ ತಂದೆ. ಅಣ್ಣಂದಿರೆಲ್ಲ ಗಲ್ಫಿಗೆ ಹೋದ ಮೇಲೆ ಗಲ್ಲಾಪೆಟ್ಟಿಗೆಯ ಹಿಂದೆ ಕೂರಲು ಉಳಿದವಳು ನಾನೊಬ್ಬಳೇ. "ಹೆಂಗಸು ಅಂಗಡಿಯಲ್ಲಿ ಕೂರುವುದೇ?" ಎಂದು ಕೇಳಿದವರಿಗೆ ತಂದೆ, "ಸೀರೆ, ಚೂಡಿದಾರ್ ತಗೊಳ್ಳಲಿಕ್ಕೆ ಗಂಡಸರು ಬರ್ತಾರಾ?" ಎಂದು ತಿರುಗಿ ಕೇಳುತ್ತಿದ್ದರು. ಉತ್ತರಿಸದೆ ತಿರುಗಿ ಪ್ರಶ್ನೆ ಕೇಳುವುದನ್ನು ನಾನು ಅವರಿಂದಲೇ ಕಲಿತೆ.

ಬಾಣಂತಿಗೆ ನಲವತ್ತು ದಿನ ಸುಡುಸುಡು ನೀರು ಎಂಬುದು ನಮ್ಮಲ್ಲಿ ಚರ್ಚೆಯ ವಿಷಯವೇ ಅಲ್ಲ. ಹಾಗಾಗಿ ಅಡುಗೆಮನೆಯ ಗ್ಯಾಸಿನ ಮೇಲೆ ದೊಡ್ಡ ಪಾತ್ರೆ ಇಟ್ಟೆ. ಕಾದ ನೀರನ್ನು ಎತ್ತಿಕೊಂಡು ತೆರೆದಿದ್ದ ಮುಂಬಾಗಿಲಿನ ಮುಂದೆ ಹೆಜ್ಜೆ ಎಣಿಸುತ್ತಾ ಬಚ್ಚಲಿಗೆ ಹೋಗುತ್ತಿದ್ದಾಗ ಎದುರುಮನೆಯ ಬಾಗಿಲು ತೆರೆಯಿತು.

"ಎಂತ ಮಾರಾಯ್ತಿ, ಮೈ ಸುಟ್ಟುಕೊಳ್ತೀಯ? ಇಡು ಕೆಳಗೆ!"

ಎದುರುಮನೆಯವರು ನಿವೃತ್ತ ಪಿ.ಟಿ. ಟೀಚರ್. ಊರಿನಲ್ಲಿ ಗದ್ದೆ ಮಾಡುತ್ತಿದ್ದ ತುಳು ಮನೆತನದವರು, ಮದುವೆಯಾಗಲಿಲ್ಲ. ಜೀವಮಾನವಿಡೀ ಸರಕಾರಿ ಶಾಲೆಯ ಮೈದಾನಗಳಲ್ಲಿ ಮಕ್ಕಳನ್ನು ಓಡಿಸಿದ ಮೇಲೆ ಅವರ ಮೊಣಕಾಲುಗಳು ಸೋತಿದ್ದವು, ಗಂಟಲು ಮಾತ್ರ ಸೋತಿರಲಿಲ್ಲ. ಅವರು ಮಾತಾಡಿದರೆ ಕೆಳಗಿನ ಮಹಡಿಯವರು ಟಿವಿ ಸೌಂಡ್ ಕಡಿಮೆ ಮಾಡಿ ಕೇಳುತ್ತಿದ್ದರು. ಅವತ್ತು ಪಾತ್ರೆಯ ಒಂದು ಕಿವಿ ಅವರು ಹಿಡಿದರು, ಇನ್ನೊಂದು ನಾನು ಹಿಡಿದೆ. ಮರುದಿನದಿಂದ ಅವರ ಗೀಸರಿನ ನೀರು ಬಕೆಟಿನಲ್ಲಿ ನಮ್ಮ ಮನೆಗೆ ಬರತೊಡಗಿತು. ಸ್ವಲ್ಪ ದಿನಕ್ಕೆ ಅದೂ ಸೋರತೊಡಗಿತು. ಬೇಸಿಗೆಯಲ್ಲಿ ನಲ್ಲಿ ನೀರು ಸಾಲದೆ ನಮ್ಮ ಕಟ್ಟಡಕ್ಕೆ ಟ್ಯಾಂಕರ್ ಬರುತ್ತದೆ. ಆ ನೀರು ಉಪ್ಪು. ಅದು ತಿನ್ನದ ಗೀಸರ್ ನಾನು ನೋಡಿಲ್ಲ.

ಒಂದು ಬೆಳಿಗ್ಗೆ ಟೀಚರ್ ಪೇಪರ್ ಹಿಡಿದುಕೊಂಡು ಬಂದರು. ಸೋಲಾರ್ ವಾಟರ್ ಹೀಟರಿಗೆ ಸರಕಾರದ ಅನುದಾನ, ಅಪಾರ್ಟ್‌ಮೆಂಟಿನವರೂ ಸೇರಿ ಹಾಕಿಸಬಹುದು ಎಂಬ ಒಂದು ಸಣ್ಣ ಸುದ್ದಿ.

"ನಮ್ಮ ತಲೆ ಮೇಲೆ ದಿನಾ ಸೂರ್ಯ ಬೇಯಿಸ್ತಾ ಇದ್ದಾನೆ. ನಿನ್ನ ಮನೆಯ ಸ್ಲ್ಯಾಬಿನಲ್ಲಿ ದೋಸೆ ಹೊಯ್ಯಬಹುದು. ಆ ಬಿಸಿಯನ್ನು ನೀರಿಗೆ ಕೊಡುವಾ. ಬಾ, ಹೋಗುವಾ."

"ಎಲ್ಲಿಗೆ?"

"ಕದ್ರಿಗೆ. ಆಫೀಸು ಅಲ್ಲಿ ಉಂಟಂತೆ."

ಅಂಗಡಿಯನ್ನು ಮಧ್ಯಾಹ್ನದವರೆಗೆ ಕೆಲಸದವಳಿಗೆ ಒಪ್ಪಿಸಿ ಟೀಚರರ ಸ್ಕೂಟರಿನ ಹಿಂದೆ ಕೂತೆ. ಕದ್ರಿಯ ಏರಿನಲ್ಲಿ ಆ ಸ್ಕೂಟರ್ ನಮ್ಮಿಬ್ಬರನ್ನು ಹೊತ್ತು ಉಸಿರು ಬಿಟ್ಟ ರೀತಿ ನನಗೆ ಈಗಲೂ ನೆನಪಿದೆ. ಆಫೀಸಿನಲ್ಲಿ ಕೂತಿದ್ದ ಅಧಿಕಾರಿ ಸಭ್ಯರು. ನಮ್ಮ ಮಾತು ಪೂರ್ತಿ ಕೇಳಿಸಿಕೊಂಡು, ಕನ್ನಡಕ ತೆಗೆದು ಒಂದೇ ಒಂದು ಪ್ರಶ್ನೆ ಕೇಳಿದರು.

"ಸಬ್ಸಿಡಿ ಮತ್ತೆ ನೋಡುವಾ. ನಿಮ್ಮ ಟೆರೇಸ್ ಯಾರದ್ದು?"

ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಅಷ್ಟು ವರ್ಷ ಅಲ್ಲಿದ್ದೂ ನಾವು ಟೆರೇಸ್ ಹತ್ತಿರಲಿಲ್ಲ. ಅದರ ಬಾಗಿಲಿಗೆ ಬಿಲ್ಡರಿನ ಬೀಗ ಇತ್ತು. ಮೇಲಿನ ಟ್ಯಾಂಕಿನಿಂದ ಮನೆಗಳಿಗೆ ನೀರು ಬಿಡಲು ವಾಚ್‌ಮನ್ ಬೆಳಿಗ್ಗೆ ಒಮ್ಮೆ ಹೋಗಿ ಬರುತ್ತಿದ್ದ. ಅವನ ಮತ್ತು ರಿಪೇರಿಯವರ ಹೊರತು ಯಾರಿಗೂ ಪ್ರವೇಶವಿರಲಿಲ್ಲ. ನನ್ನ ಮಲಗುವ ಕೋಣೆಯ ಸೂರಿನ ಮೇಲೇನಿದೆ ಎಂಬುದೇ ನನಗೆ ಗೊತ್ತಿರಲಿಲ್ಲ. ನಾಚಿಕೆಯಾಯಿತು. ನಾಚಿಕೆಗಿಂತ ಹೆಚ್ಚು ಸಿಟ್ಟು ಬಂತು.

ಆ ಭಾನುವಾರ ಪಾರ್ಕಿಂಗಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿ ಅಸೋಸಿಯೇಶನಿನ ಮೀಟಿಂಗ್ ನಡೆಯಿತು. ಅಧ್ಯಕ್ಷರು ಎರಡನೇ ಮಹಡಿಯವರು, ಬ್ಯಾಂಕಿನಿಂದ ನಿವೃತ್ತರಾದವರು. ಜಗಳವೆಂದರೆ ಅವರಿಗಾಗದು. ಜಗಳ ತಪ್ಪಿಸಲು ಅವರು ಯಾವ ತಪ್ಪನ್ನಾದರೂ ಸಹಿಸುತ್ತಿದ್ದರು. ಟೀಚರ್ ಸೋಲಾರ್ ವಿಷಯ ಎತ್ತಿದ ಕೂಡಲೇ ನಕ್ಕರು.

"ಮಂಗಳೂರಿನ ಸೆಕೆಗೆ ಬಿಸಿನೀರು ಯಾರಿಗೆ ಬೇಕು ಮಾರಾಯ್ರೇ? ನಲ್ಲಿ ತಿರುಗಿಸಿದ್ರೆ ಬಿಸಿಯೇ ಬರ್ತದೆ!"

ಗಂಡಸರೆಲ್ಲ ನಕ್ಕರು. ಟೀಚರ್ ನಗಲಿಲ್ಲ.

"ಹಾಗಾದ್ರೆ ನಿಮ್ಮ ಗೀಸರ್ ಇವತ್ತೇ ಕಳಚಿ ಕೊಡಿ ಸರ್. ಇವಳ ಮನೆಯದ್ದು ಹಾಳಾಗಿದೆ. ನಾಳೆ ಬಾಣಂತಿಗೆ ಬೆಂದ್ರ್ ಬೇಕು."

ಬೆಂದ್ರ್ ಎಂದರೆ ತುಳುವಿನಲ್ಲಿ ಸ್ನಾನದ ಬಿಸಿನೀರು. ಅದಕ್ಕೊಂದು ಬೇರೆಯೇ ಶಬ್ದ ಇಟ್ಟುಕೊಂಡ ಜನ ಸೆಕೆಯ ನೆಪ ಹೇಳುತ್ತಿದ್ದರು! ಮೇ ತಿಂಗಳ ಉರಿಯಲ್ಲೂ ಬಿಸಿನೀರೇ ಮೈಗೆ ಬೀಳಬೇಕು ಎನ್ನುವವರು ನಾವು. ಅಧ್ಯಕ್ಷರ ನಗು ನಿಂತಿತು. ಆಗ ಮೊದಲ ಮಹಡಿಯವರೊಬ್ಬರು ಕೇಳಿದರು.

"ಮಳೆಗಾಲದಲ್ಲಿ ಎಂತ ಮಾಡ್ತೀರಿ? ಸೂರ್ಯನೇ ಇಲ್ಲ."

"ಮಳೆಗಾಲದಲ್ಲಿ ಗೀಸರ್ ಹಾಕಿ. ಬೇಸಿಗೆಯಲ್ಲಿ ಯಾಕೆ ಹಾಕ್ತೀರಿ?" ಎಂದರು ಟೀಚರ್.

ಮೊದಲ ಮಹಡಿಯವರು ನನ್ನತ್ತ ತಿರುಗಿ ದನಿ ಮೃದು ಮಾಡಿದರು. "ನಿಮ್ಮ ಸಾಹೇಬರು ಊರಿಗೆ ಬರ್ಲಿ. ಅವರ ಹತ್ರ ಕೂತು ಮಾತಾಡುವಾ."

ಆ ಮೃದುತನವೇ ನನ್ನನ್ನು ಎಬ್ಬಿಸಿ ನಿಲ್ಲಿಸಿತು. "ಫ್ಲ್ಯಾಟಿನಲ್ಲಿ ಮೊದಲನೇ ಹೆಸರು ನನ್ನದು. ಸಾಹೇಬರದ್ದು ಎರಡನೆಯದ್ದು. ಮಾತಾಡುವುದಿದ್ರೆ ನನ್ನ ಹತ್ರವೇ ಮಾತಾಡಿ."

ಕೊನೆಗೆ ಅಧ್ಯಕ್ಷರು, "ಬಿಲ್ಡರ್ ಒಪ್ಪಿದ್ರೆ ನಮ್ಮದೇನೂ ಅಡ್ಡಿ ಇಲ್ಲ" ಎಂದು ಎದ್ದರು. ಬಿಲ್ಡರ್ ಒಪ್ಪುವುದಿಲ್ಲ ಎಂದು ಅವರಿಗೆ ಖಾತ್ರಿಯಿತ್ತು ಎಂದು ನನಗೆ ಆಮೇಲೆ ತಿಳಿಯಿತು.

ಬಿಲ್ಡರಿನ ಆಫೀಸಿನ ಎಸಿಯಲ್ಲಿ ನಮಗೆ ಬಾದಾಮಿ ಹಾಲು ಬಂತು. ಮನುಷ್ಯ ನಯವಂತ. ನಮ್ಮಿಬ್ಬರನ್ನೂ ತಾಯಿ ಎಂದೇ ಕರೆದರು.

"ನಾನು ನಿಮಗೆ ಫ್ಲ್ಯಾಟ್ ಮಾರಿದ್ದೇನೆ ತಾಯಿ. ಟೆರೇಸ್ ಮಾರ್ಲಿಲ್ಲ. ಅದು ನನ್ನದು."

"ಹೋದ ಮಳೆಗಾಲದಲ್ಲಿ ಟೆರೇಸ್ ಸೋರಿ ಇವಳ ಹಾಸಿಗೆ ಒದ್ದೆ ಆಯ್ತು," ಎಂದರು ಟೀಚರ್. "ಆಗ ನಿಮಗೆ ಫೋನ್ ಮಾಡಿದ್ವಿ. ನೀವು, 'ಟೆರೇಸ್ ನಿಮ್ಮದು, ಅಸೋಸಿಯೇಶನಿನವರೇ ರಿಪೇರಿ ಮಾಡಿಸಿ' ಅಂತ ಹೇಳಿದ್ರಿ. ನಾವು ಮಾಡಿಸಿದ್ವಿ."

ಅವರು ಬೆರಳುಗಳನ್ನು ಒಂದಕ್ಕೊಂದು ಕೂಡಿಸಿ ನಕ್ಕರು. "ಅದು ಮೆಂಟೆನೆನ್ಸ್, ತಾಯಿ. ಇದು ಓನರ್‌ಶಿಪ್."

ನಾನು ನನ್ನ ಜೀವನದಲ್ಲಿ ಬಹಳ ವ್ಯಾಪಾರಿಗಳನ್ನು ನೋಡಿದ್ದೇನೆ. ಸೋರುವಾಗ ನಿಮ್ಮದು, ಲಾಭವಿರುವಾಗ ನನ್ನದು ಎಂದು ಇಷ್ಟು ಚಂದದ ಎರಡು ಶಬ್ದಗಳಲ್ಲಿ ಹೇಳಿದವರನ್ನು ನೋಡಿರಲಿಲ್ಲ. ಲಾಭ ಎಲ್ಲಿಂದ ಎಂಬುದೂ ಅವರ ಬಾಯಲ್ಲೇ ಬಂತು. ನಮ್ಮ ಟೆರೇಸ್ ನೇರ ಫ್ಲೈಓವರಿಗೆ ಮುಖ ಮಾಡಿದೆ. ಅಲ್ಲಿ ದೊಡ್ಡ ಜಾಹೀರಾತು ಫಲಕ ನಿಲ್ಲಿಸಲು ಮಾತುಕತೆ ಮುಗಿದಿತ್ತು, ಕಬ್ಬಿಣ ಬರುವುದಷ್ಟೇ ಬಾಕಿ. ಬಾದಾಮಿ ಹಾಲನ್ನು ಮುಟ್ಟದೆ ಎದ್ದು ಬಂದೆವು.

ಆ ರಾತ್ರಿ ಗಂಡನಿಗೆ ಫೋನಿನಲ್ಲಿ ಎಲ್ಲ ಹೇಳಿದೆ.

"ನೀನು ಯಾಕೆ ಮುಂದೆ ಹೋಗ್ತೀ? ಕಟ್ಟಡದಲ್ಲಿ ಗಂಡಸರು ಇಲ್ವಾ?"

"ಗಂಡಸರು ಇದ್ದಾರೆ. ಬಿಸಿನೀರು ಇಲ್ಲ."

ಅವರು ಮಗುವಿನ ಕ್ಷೇಮ ವಿಚಾರಿಸಿ ಫೋನ್ ಇಟ್ಟರು.

ಮರುದಿನ ಸಂಜೆ ಅಂಗಡಿ ಮುಚ್ಚುವ ಮೊದಲು ತೊಕ್ಕೊಟ್ಟಿನ ಹಾರ್ಡ್‌ವೇರ್ ಅಂಗಡಿಗೆ ಹೋಗಿ ಒಂದು ದಪ್ಪ ಸರಪಳಿ, ಒಂದು ಬೀಗ ತೆಗೆದುಕೊಂಡೆ. ಶಟರಿಗೆ ಹಾಕುವ ಜಾತಿಯ ಬೀಗ, ಅಂಗೈ ತುಂಬುವಷ್ಟು ದೊಡ್ಡದು. ಬಿಲ್ಡರಿನ ಬೀಗ ಒಡೆದರೆ ಅಪರಾಧ. ಪಕ್ಕದಲ್ಲಿ ಇನ್ನೊಂದು ಹಾಕಿದರೆ ಅಪರಾಧ ಹೇಗಾಗುತ್ತದೆ? ಟೀಚರಿಗೆ ಹೇಳಿದಾಗ ಅವರು ನನ್ನ ಬೆನ್ನ ಮೇಲೆ ಫಟ್ಟೆಂದು ಹೊಡೆದರು. ಮೈದಾನದಲ್ಲಿ ಗೆದ್ದ ಹುಡುಗಿಗೆ ಹೊಡೆಯುವ ಹಾಗೆ. ಬಾಗಿಲಿನ ಹಿಡಿಯನ್ನೂ ಮೆಟ್ಟಿಲಿನ ಕಬ್ಬಿಣದ ಕಂಬಿಯನ್ನೂ ಸೇರಿಸಿ ಸರಪಳಿ ಸುತ್ತಿದೆವು. ನಾನೇ ಬೀಗ ಜಡಿದೆ. ಕೀಲಿಕೈಯನ್ನು ಕುತ್ತಿಗೆಯ ಸರಕ್ಕೆ ಪೋಣಿಸಿಕೊಂಡೆ. ಬೆಳಿಗ್ಗೆ ವಾಚ್‌ಮನ್ ನೀರು ಬಿಡಲು ಬಂದಾಗ ಅವನಿಗೆ ತೆರೆದುಕೊಟ್ಟು, ಇಳಿದ ಮೇಲೆ ಮತ್ತೆ ಹಾಕಿದೆ.

ಕಬ್ಬಿಣ ಬಂತು. ಲಾರಿಯಿಂದ ಇಳಿಸಿ ಮೆಟ್ಟಿಲು ಹತ್ತಿ ಬಂದ ಕೆಲಸಗಾರರು ಸರಪಳಿ ನೋಡಿ ನಿಂತರು. ಮೇಸ್ತ್ರಿ ಬಿಲ್ಡರಿಗೆ, ಬಿಲ್ಡರ್ ಅಧ್ಯಕ್ಷರಿಗೆ ಫೋನ್ ಮಾಡಿ, ಅಧ್ಯಕ್ಷರು ಏದುಸಿರು ಬಿಡುತ್ತಾ ಮೇಲೆ ಬಂದರು. ನಾವಿಬ್ಬರೂ ಬಾಗಿಲೆದುರು ಎರಡು ಕುರ್ಚಿ ಹಾಕಿ ಕೂತಿದ್ದೆವು.

"ಎಂತ ಇದು ಟೀಚರ್?"

"ಬೀಗ."

"ಯಾರು ಹಾಕಿದ್ದು?"

"ನಾನು," ಎಂದೆ.

"ತೆಗೀರಿ ಅಮ್ಮ. ಸುಮ್ಮನೆ ಜಗಳ ಬೇಡ."

"ಅವರು ಅವರದ್ದು ತೆಗೀಲಿ. ನಾನು ನನ್ನದು ತೆಗೀತೇನೆ."

ಮೇಸ್ತ್ರಿ ನಮ್ಮನ್ನು ದಾಟಿ ಸರಪಳಿಗೆ ಕೈ ಹಾಕಲು ಬಂದ. ಟೀಚರ್ ಎದ್ದು ನಿಲ್ಲಲಿಲ್ಲ. ಕೂತಲ್ಲಿಂದಲೇ ಒಂದು ಕೂಗು ಕೂಗಿದರು. "ನಿಲ್ಲು!"

ಅವನು ನಿಂತ. ಅವನೂ ಎಲ್ಲೋ ಸರಕಾರಿ ಶಾಲೆಯಲ್ಲಿ ಓದಿದವನಿರಬೇಕು. ಆ ಕೂಗಿಗೆ ಪ್ರತಿ ಮಹಡಿಯ ಬಾಗಿಲೂ ತೆರೆದು ಹೆಂಗಸರು ಮೆಟ್ಟಿಲಿಗೆ ಬಂದರು. ಯಾರೂ ನಮ್ಮ ಪಕ್ಷ ವಹಿಸಲಿಲ್ಲ, ಆದರೆ ಯಾರೂ ದಾರಿಯನ್ನೂ ಬಿಡಲಿಲ್ಲ. ಕೆಲಸಗಾರರು ಕಬ್ಬಿಣವನ್ನು ಪಾರ್ಕಿಂಗಿನಲ್ಲಿ ರಾಶಿ ಹಾಕಿ ಹೋದರು.

ಮರುದಿನ ಇಬ್ಬರು ಪೊಲೀಸರು ಬಂದರು. ಹಿರಿಯ ಪೇದೆ ಹೇಳಿದರು, "ಬೀಗ ಒಡೆದಿದ್ದೀರಿ ಅಂತ ಕಂಪ್ಲೇಂಟ್ ಉಂಟು."

"ಒಡೆದಿಲ್ಲ ಸರ್. ಹಾಕಿದ್ದೇವೆ."

ಅವರು ಮೆಟ್ಟಿಲು ಹತ್ತಿ ಎರಡೂ ಬೀಗಗಳನ್ನು ಕೈಯಲ್ಲಿ ಹಿಡಿದು ನೋಡಿದರು. ಬಿಲ್ಡರಿನದ್ದು ತುಕ್ಕು ಹಿಡಿದಿತ್ತು, ನನ್ನದು ಹೊಳೆಯುತ್ತಿತ್ತು. ಅವರ ಮೀಸೆಯ ಅಂಚು ಸ್ವಲ್ಪ ಅಲುಗಿತು. "ಇದು ಸಿವಿಲ್ ಮ್ಯಾಟರ್. ನೀವು ನೀವೇ ಕೂತು ಮಾತಾಡಿ" ಎಂದು ಇಳಿದು ಹೋದರು.

ಗೆದ್ದೆವು ಎಂದುಕೊಂಡೆವು. ಆದರೆ ಬಿಲ್ಡರ್ ನಮಗಿಂತ ಹೆಚ್ಚು ವರ್ಷ ಈ ಆಟ ಆಡಿದ್ದವರು. ಆ ಸಂಜೆ ಅವರ ಜನ ಬಂದು ವಾಚ್‌ಮನ್ ಹತ್ತಿರವಿದ್ದ ಕೀಲಿಕೈ ಕಿತ್ತುಕೊಂಡು ಹೋದರು. ಮರುದಿನ ಬೆಳಿಗ್ಗೆ ಇಡೀ ಕಟ್ಟಡದಲ್ಲಿ ಒಂದು ಹನಿ ನೀರು ಬರಲಿಲ್ಲ.

ಬೀಗ ಹಾಕಿ ಕೀಲಿಕೈ ಒಯ್ದವರು ಬಿಲ್ಡರ್. ಆದರೆ ಜನ ಬಂದು ಬಡಿದದ್ದು ನನ್ನ ಬಾಗಿಲನ್ನು. ನಾನೇ ಎದುರು ಸಿಗುವವಳು, ಬಿಲ್ಡರ್ ಎಸಿಯಲ್ಲಿದ್ದರು. "ನಾವು ಕೆಲಸಕ್ಕೆ ಹೋಗುವುದು ಹೇಗೆ?" "ನಿಮ್ಮ ಬಿಸಿನೀರಿನ ಹುಚ್ಚಿಗೆ ತಣ್ಣೀರೂ ಹೋಯ್ತಲ್ಲ!" "ಆ ಸರಪಳಿ ತೆಗೀರಿ, ಅವ್ರು ಕೀ ಕೊಡ್ತಾರಂತೆ!" ನಾಲ್ಕನೇ ಮಹಡಿಯ ಹೆಂಗಸೊಬ್ಬರು ನನ್ನ ಮುಖ ನೋಡದೆ, "ಇವರೆಲ್ಲ ಹೀಗೇ, ಹಠದವರು" ಎಂದರು. ಇವರೆಲ್ಲ ಎಂದರೆ ಯಾರೆಲ್ಲ ಎಂದು ನನಗೆ ಗೊತ್ತಿತ್ತು. ಟೀಚರಿಗೂ ಗೊತ್ತಾಯಿತು.

"ಹಠ ನನ್ನದು," ಎಂದರು ಅವರು, ಮುಂದೆ ಬಂದು. "ಇವಳಿಗೆ ನಾನು ಕಲಿಸಿದ್ದು. ಬೈಯುವುದಿದ್ರೆ ನನಗೆ ಬೈಯಿರಿ."

ನೆಲದಡಿಯ ಸಂಪಿನಲ್ಲಿ ನೀರಿತ್ತು. ನಾವಿಬ್ಬರೂ ಬಕೆಟಿನಲ್ಲಿ ಎತ್ತಿ ಲಿಫ್ಟಿನಲ್ಲಿ ಮನೆಮನೆಗೆ ಮುಟ್ಟಿಸಿದೆವು, ಬೈದವರ ಮನೆಗೂ. ಟೀಚರ್ ಕುಂಟುತ್ತಿದ್ದರು. ಮಧ್ಯಾಹ್ನ ಮನೆಗೆ ಬಂದು ನೆಲದ ಮೇಲೆ ಕೂತಾಗ ನನ್ನ ಕೈ ಕುತ್ತಿಗೆಯ ಕೀಲಿಕೈಗೆ ಹೋಯಿತು. ಸಾಕಪ್ಪಾ ಅನ್ನಿಸಿತ್ತು. ಮಗಳು ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ನೋಡುತ್ತಿದ್ದಳು.

"ತೆಗೀತೀರಾ ಉಮ್ಮಾ?"

"ನಿನಗೆ ನೀರು ಬೇಕಲ್ಲ."

"ನನಗೆ ಒಂದು ಬಕೆಟ್ ಸಾಕು. ಈಗ ತೆಗೆದ್ರೆ ಮುಂದೆ ಅವರು ಎಂತ ಕೇಳಿದ್ರೂ ನೀರು ನಿಲ್ಲಿಸಿ ಕೇಳ್ತಾರೆ."

ಬಾಣಂತಿ ಕೂತಲ್ಲಿಂದಲೇ ನನಗಿಂತ ದೂರ ನೋಡಿದ್ದಳು. ಕೀಲಿಕೈಯನ್ನು ಮತ್ತೆ ರವಿಕೆಯೊಳಗೆ ಹಾಕಿಕೊಂಡೆ.

ಸಂಜೆ ಟೀಚರ್ ನಮ್ಮ ಮನೆಯಲ್ಲಿದ್ದಾಗ ಬಾಗಿಲು ತಟ್ಟಿದ್ದು ಅಧ್ಯಕ್ಷರ ಹೆಂಡತಿ. ಮೀಟಿಂಗುಗಳಲ್ಲಿ ಚಹಾ ಕೊಟ್ಟು ಒಳಗೆ ಹೋಗುವ ಸೌಮ್ಯ ಹೆಂಗಸು. ಅವತ್ತು ಒಳಗೆ ಬಂದು, ಕೂರದೆ ನಿಂತೇ ಹೇಳಿದರು. "ನಮ್ಮವರು ಬಿಲ್ಡರಿಗೆ ಫೋನ್ ಮಾಡಿ ಕೀ ಕೊಡಿ ಅಂತ ಕೇಳಿದ್ರು. ಆ ಜನ ನಕ್ಕರಂತೆ. ನಮ್ಮವರಿಗೆ ಆ ನಗು ಕೇಳಿ ಊಟ ಸೇರ್ಲಿಲ್ಲ. ನಿಮಗೆ ಒಂದು ವಿಷಯ ಗೊತ್ತುಂಟಾ? ಕದ್ರಿಯಲ್ಲಿ ಅವರ ಹೊಸ ಕಟ್ಟಡದ ಮಾಡೆಲ್ ಫ್ಲ್ಯಾಟ್ ನಾಳೆ ಓಪನ್. ನಮಗೂ ಇನ್ವಿಟೇಶನ್ ಬಂದಿದೆ."

ನಾನೂ ಟೀಚರೂ ಒಬ್ಬರ ಮುಖ ಒಬ್ಬರು ನೋಡಿದೆವು. ಗಲ್ಲಾದ ಹಿಂದೆ ಕೂತವಳಿಗೆ ಗೊತ್ತಿರುವ ಒಂದು ಸತ್ಯವಿದೆ. ಅಂಗಡಿ ತುಂಬ ಗಿರಾಕಿ ಇರುವಾಗ ಹಳೆಯ ಗಿರಾಕಿ ಬಂದು ಬಟ್ಟೆ ಹರಿಯಿತು ಎಂದರೆ ಅಂಗಡಿಯವನು ಬೈಯಲಾರ. ಬೈದರೆ ಅವತ್ತಿನ ವ್ಯಾಪಾರ ಮುಗಿಯಿತು.

ಮರುದಿನ ನಾವು ಏಳೆಂಟು ಹೆಂಗಸರು ಹೊರಟೆವು. ಮದುವೆಗೆ ಹೊರಟಂತೆ ಹೊರಟೆವು. ನಾನು ಅಂಗಡಿಯಲ್ಲಿದ್ದ ಅತ್ಯುತ್ತಮ ಬುರ್ಖಾ ಹಾಕಿದೆ, ಟೀಚರ್ ರೇಷ್ಮೆ ಸೀರೆ ಉಟ್ಟರು. ನಾಲ್ಕನೇ ಮಹಡಿಯ ಹೆಂಗಸೂ ಬಂದರು. ರಿಕ್ಷಾದಲ್ಲಿ ನನ್ನ ಪಕ್ಕದಲ್ಲೇ ಕೂತು, "ನಿನ್ನೆ ಬಾಯಿ ತಪ್ಪಿತು" ಎಂದರು. ನಾನು "ಆಯ್ತು" ಎಂದೆ. ಅದಕ್ಕಿಂತ ಹೆಚ್ಚು ಹೇಳುವ ಮನಸ್ಸಿರಲಿಲ್ಲ, ಕಡಿಮೆ ಹೇಳುವ ಸಮಯವೂ ಅದಲ್ಲ.

ಮಾಡೆಲ್ ಫ್ಲ್ಯಾಟಿನಲ್ಲಿ ಹೂವು, ತಣ್ಣನೆ ಜ್ಯೂಸು, ಬೂಟು ಕಳಚಿ ಓಡಾಡುವ ಜನ. ಗಲ್ಫಿನಿಂದ ರಜೆಗೆ ಬಂದ ನಮ್ಮ ಬ್ಯಾರಿ ಮುಸ್ಲಿಂ ಕುಟುಂಬಗಳೇ ಹೆಚ್ಚು. ಚಂದದ ಹುಡುಗಿಯೊಬ್ಬಳು ನಕ್ಷೆ ತೋರಿಸಿ, "ಟೆರೇಸಿನಲ್ಲಿ ಗಾರ್ಡನ್ ಬರ್ತದೆ, ವಾಕಿಂಗ್ ಟ್ರ್ಯಾಕ್ ಬರ್ತದೆ" ಎನ್ನುತ್ತಿದ್ದಳು.

ಟೀಚರ್ ಕೈ ಎತ್ತಿದರು. "ಟೆರೇಸಿನ ಬೀಗದ ಕೀ ಯಾರ ಹತ್ರ ಇರ್ತದೆ?"

ಮೈದಾನದ ಧ್ವನಿ. ಅಡುಗೆಮನೆ ನೋಡುತ್ತಿದ್ದವರೂ ಹೊರಗೆ ಬಂದರು. ಹುಡುಗಿ ತಡವರಿಸಿದಳು. "ಅದು... ಎಲ್ಲರಿಗೂ ಓಪನ್, ಮೇಡಂ."

"ಇವರದ್ದೇ ಹಿಂದಿನ ಕಟ್ಟಡದಲ್ಲಿ ನಾವಿರುವುದು. ಅಲ್ಲಿ ಕೀ ಇವರ ಹತ್ರ ಉಂಟು. ನಿನ್ನೆಯಿಂದ ನಮಗೆ ನೀರು ಇಲ್ಲ. ಅದಕ್ಕೆ ಕೇಳಿದ್ದು."

ನನ್ನ ಪಕ್ಕದಲ್ಲಿದ್ದ ಬ್ಯಾರಿ ಹೆಂಗಸು ನನ್ನ ತೋಳು ಹಿಡಿದು ನಮ್ಮ ಮಾತಿನಲ್ಲಿ ಕೇಳಿದಳು, ನಿಜವಾ ಎಂದು. ನಿಜ, ಮನೆಯಲ್ಲಿ ಬಾಣಂತಿ ಇದ್ದಾಳೆ ಎಂದೆ. ಅವಳು ಗಂಡನತ್ತ ತಿರುಗಿದಳು. ಅವಳ ಗಂಡ ಹುಡುಗಿಯತ್ತ ತಿರುಗಿದ. ಆಮೇಲೆ ಪ್ರಶ್ನೆ ನಾವು ಕೇಳಬೇಕಾಗಲಿಲ್ಲ. ಟೆರೇಸ್ ಯಾರ ಹೆಸರಲ್ಲಿ, ಟವರ್ ಹಾಕ್ತೀರಾ, ಬೋರ್ಡ್ ಹಾಕ್ತೀರಾ ಎಂದು ಕೋಣೆಯೇ ಕೇಳತೊಡಗಿತು.

ಬಿಲ್ಡರ್ ನಗುತ್ತಲೇ ಬಂದು ನಮ್ಮನ್ನು ಬಾಲ್ಕನಿಗೆ ಕರೆದರು. ತಾಯಿ ಎನ್ನಲಿಲ್ಲ.

"ಎಂತ ಬೇಕು ನಿಮಗೆ?"

"ಕೀ," ಎಂದೆ.

"ನಾಳೆ ಕಳಿಸ್ತೇನೆ."

"ಇವತ್ತು ನಮಗೆ ಬೇರೆ ಕೆಲಸ ಇಲ್ಲ. ಇಲ್ಲಿ ಸೋಫಾ ಚಂದ ಉಂಟು. ಕೂತುಕೊಳ್ತೇವೆ."

ಕೂತೆವು. ಪ್ಲಾಸ್ಟಿಕ್ ಹೊದಿಕೆ ತೆಗೆಯದ ಆ ಸೋಫಾದ ಮೇಲೆ ಒತ್ತೊತ್ತಾಗಿ ಕೂತು, ಬಂದ ಬಂದ ಗಿರಾಕಿಗಳಿಗೆ ನಾವೇ ಸಲಾಮು, ನಮಸ್ಕಾರ ಹೇಳಿದೆವು. ಬಿಲ್ಡರಿನ ಡ್ರೈವರ್ ಕೀಲಿಕೈ ತರುವಷ್ಟರಲ್ಲಿ ಎರಡನೇ ಸುತ್ತಿನ ಜ್ಯೂಸೂ ಮುಗಿದಿತ್ತು. ಕೀಲಿಕೈಯನ್ನು ಟೀಚರ್ ತೆಗೆದುಕೊಳ್ಳಲಿಲ್ಲ, ನಾನೂ ತೆಗೆದುಕೊಳ್ಳಲಿಲ್ಲ. ಅಧ್ಯಕ್ಷರ ಹೆಂಡತಿಯ ಕೈಗೆ ಕೊಡಿಸಿದೆವು.

ಅವತ್ತು ಇಳಿಹೊತ್ತಿಗೆ ನಾನು ನನ್ನ ಸರಪಳಿ ಬಿಚ್ಚಿದೆ, ವಾಚ್‌ಮನ್ ನೀರು ಬಿಟ್ಟ, ನಾವೆಲ್ಲ ಟೆರೇಸ್ ಹತ್ತಿದೆವು. ನೀರಿನ ಟ್ಯಾಂಕು, ಒಣಗಿದ ಪಾಚಿ, ಕಾಗೆಯ ಹಿಕ್ಕೆ, ಒಡೆದ ಹೆಂಚಿನ ಚೂರು, ಬೇರೇನಿಲ್ಲ. ಆದರೆ ಬಿಸಿ! ಚಪ್ಪಲಿಯ ಅಡಿಯಿಂದಲೂ ಕಾಲು ಸುಡುತ್ತಿತ್ತು. ಕೆಳಗೆ ಫ್ಲೈಓವರಿನ ಮೇಲೆ ಬಸ್ಸುಗಳು ಹಾರ್ನ್ ಬಾರಿಸುತ್ತಾ ಓಡುತ್ತಿದ್ದವು. ಹೆಂಗಸರು ಹೆಜ್ಜೆಯಿಂದ ನೆಲ ಅಳೆಯತೊಡಗಿದ್ದರು. ಹಲಸಿನ ಹಪ್ಪಳಕ್ಕೆ ಇಷ್ಟು ಜಾಗ, ಸೋಲಾರಿಗೆ ಅಷ್ಟು ಜಾಗ.

ಬಿಲ್ಡರ್ ಕಬ್ಬಿಣವನ್ನು ಒಯ್ದರು. ಹಕ್ಕು ಬಿಟ್ಟೆ ಎಂದು ಅವರು ಇವತ್ತಿಗೂ ಬಾಯಿಬಿಟ್ಟು ಹೇಳಿಲ್ಲ. ವಕೀಲರಿಂದ ಒಂದೆರಡು ನೋಟಿಸ್ ಬಂದವು, ನಾವೂ ವಕೀಲರಿಂದಲೇ ಉತ್ತರಿಸಿದೆವು. ಮಳೆಗಾಲ ಬಂತು. ಮಗಳು ಮಗುವನ್ನೆತ್ತಿಕೊಂಡು ಗಂಡನ ಮನೆಗೆ ಹೋದಳು. ಅಸೋಸಿಯೇಶನಿನ ಹೆಸರಿನಲ್ಲಿ ಅರ್ಜಿ ಕೊಟ್ಟೆವು. ಅದಕ್ಕೆ ಇದು ಬೇಕು, ಇದಕ್ಕೆ ಅದು ಬೇಕು ಎಂದು ಕದ್ರಿಯ ಏರನ್ನು ಎಷ್ಟು ಸಲ ಹತ್ತಿದೆವೋ ನನಗೆ ಲೆಕ್ಕವಿಲ್ಲ. ಕೊನೆಗೊಂದು ದಿನ ಅದೇ ಸಭ್ಯ ಅಧಿಕಾರಿ ಕನ್ನಡಕ ತೆಗೆದು ಹೇಳಿದರು.

"ಬೇಜಾರು ಮಾಡ್ಬೇಡಿ. ಬಿಸಿನೀರಿನ ಸೋಲಾರಿಗೆ ಸಬ್ಸಿಡಿ ಈಗ ನಿಂತಿದೆ. ಇನ್ನು ಕರೆಂಟಿನ ಸೋಲಾರಿಗೆ ಮಾತ್ರ."

"ನಿಂತದ್ದು ಯಾವಾಗ? ನಾವು ಅರ್ಜಿ ಕೊಡುವಾಗ ಇತ್ತಲ್ಲ?" ಟೀಚರರ ಧ್ವನಿಗೆ ಪಕ್ಕದ ಕೋಣೆಯವರು ಇಣುಕಿದರು.

"ಇತ್ತು. ಈಗ ಇಲ್ಲ. ನನ್ನ ಕೈಯಲ್ಲಿ ಎಂತದ್ದೂ ಇಲ್ಲ."

ಹೊರಗೆ ಬಂದು ಸ್ಕೂಟರಿನ ಪಕ್ಕ ನಿಂತೆವು. ಟೀಚರ್ ಅಳುವುದನ್ನು ನಾನು ಅವತ್ತು ನೋಡಿದೆ. ಸದ್ದಿಲ್ಲದೆ, ಸೆರಗಿನಿಂದ ಒಮ್ಮೆ ಒರೆಸಿಕೊಂಡು ಮುಗಿಸಿದರು. ನನಗೆ ಅಳು ಬರಲಿಲ್ಲ. ನನ್ನೊಳಗೆ ಏನೋ ಗಟ್ಟಿಯಾಯಿತು. ಸರಕಾರ ಕೊಡುತ್ತದೆ ಎಂದು ನಾವು ಹೊರಟದ್ದು ನಿಜ. ಆದರೆ ಸೂರ್ಯನನ್ನು ಸರಕಾರ ಕೊಡುತ್ತಿರಲಿಲ್ಲವಲ್ಲ.

ಮುಂದಿನ ಮೀಟಿಂಗಿನಲ್ಲಿ ಸುದ್ದಿ ಹೇಳಿದಾಗ ಮೊದಲ ಮಹಡಿಯವರು, "ನಾವು ಆಗಲೇ ಹೇಳ್ಲಿಲ್ವಾ?" ಎಂದರು. ಕೆಲವರು ಎದ್ದೇ ಬಿಟ್ಟರು.

"ಕೂತುಕೊಳ್ಳಿ," ಎಂದೆ. "ಅನುದಾನ ಬಂದ್ರೆ ಬರಲಿ, ಬಾರದಿದ್ರೆ ಇರಲಿ. ನಾವು ಹಾಕಿಸುವುದೇ. ಯಾರು ಸೇರ್ತೀರಿ, ಕೈ ಎತ್ತಿ. ಯಾರಿಗೂ ಒತ್ತಾಯ ಇಲ್ಲ."

ಕೆಲಹೊತ್ತು ಯಾರ ಕೈಯೂ ಏಳಲಿಲ್ಲ. ಆಮೇಲೆ ಚಹಾದ ತಟ್ಟೆ ಹಿಡಿದು ನಿಂತಿದ್ದ ಅಧ್ಯಕ್ಷರ ಹೆಂಡತಿ ತಟ್ಟೆಯನ್ನು ಕುರ್ಚಿಯ ಮೇಲಿಟ್ಟು ಕೈ ಎತ್ತಿದರು. ಅಧ್ಯಕ್ಷರು ಹೆಂಡತಿಯ ಮುಖವನ್ನೇ ನೋಡುತ್ತಿದ್ದರು. ಅವರು ಗಂಡನತ್ತ ನೋಡದೆ ಕೈಯನ್ನು ಇನ್ನೂ ಸ್ವಲ್ಪ ಮೇಲೆ ಎತ್ತಿದರು. ಅಧ್ಯಕ್ಷರೂ ನಿಧಾನ ಕೈ ಎತ್ತಿದರು. ಒಬ್ಬೊಬ್ಬರಾಗಿ ಅರ್ಧಕ್ಕಿಂತ ಹೆಚ್ಚು ಮನೆಯವರು ಸೇರಿದರು. ಸೇರದವರು ಇವತ್ತಿಗೂ ಸೇರಿಲ್ಲ. ಮೆಟ್ಟಿಲಲ್ಲಿ ಸಿಕ್ಕರೆ ಮಾತಾಡುತ್ತಾರೆ, ಬಿಸಿನೀರಿನ ವಿಷಯ ಮಾತ್ರ ಎತ್ತುವುದಿಲ್ಲ.

ಮಳೆ ಬಿಟ್ಟ ಮೇಲೆ ಕೊಳವೆಗಳು, ಟ್ಯಾಂಕುಗಳು ಬಂದವು. ಉಪ್ಪುನೀರಿಗೆ ತಾಳುವಂಥದ್ದೇ ಬೇಕೆಂದು ಪಟ್ಟು ಹಿಡಿದೆವು. ಕೆಳಗಿನ ಮನೆಗೆ ಇಳಿಯುವಷ್ಟರಲ್ಲಿ ನೀರು ತಣ್ಣಗಾಗುತ್ತದೆ ಎಂಬ ತಕರಾರಿಗೆ ಪೈಪುಗಳಿಗೆಲ್ಲ ದಪ್ಪ ಹೊದಿಕೆ ಹೊದಿಸಿದರು. ಎಲ್ಲ ಸರಿಯಾಗಲಿಲ್ಲ. ಮೊದಲ ವಾರ ಒಂದು ಜೋಡಣೆ ಬಿಟ್ಟುಕೊಂಡು ನನ್ನ ಸೂರು ಮತ್ತೆ ಒದ್ದೆಯಾಯಿತು, ಅದನ್ನೂ ಸರಿಮಾಡಿಸಿದೆವು.

ಮೊದಲ ಸ್ನಾನ ಟೀಚರರದ್ದು. ಒಳಗಿನಿಂದ ತುಳುವಿನಲ್ಲಿ ಕೂಗಿದರು, ನೀರು ಸುಡುತ್ತದೆ, ಮೊಣಕಾಲಿಗೆ ಸ್ವರ್ಗ ಎಂದು. ಆ ಕೂಗು ಎರಡನೇ ಮಹಡಿಯವರೆಗೂ ಕೇಳಿಸಿತಂತೆ.

ಗಂಡ ರಜೆಗೆ ಬಂದಾಗ ಸ್ನಾನ ಮುಗಿಸಿ ಕೆಂಪಗಾಗಿ ಹೊರಬಂದರು. ಟವಲಿನಿಂದ ತಲೆ ಒರೆಸುತ್ತಾ ಬಹಳ ಹೊತ್ತು ಏನನ್ನೋ ಹೇಳಲು ಹವಣಿಸಿ, "ಸ್ವಲ್ಪ ಹೆಚ್ಚೇ ಬಿಸಿ ಉಂಟು" ಎಂದರು. ನಾನು ತಣ್ಣೀರಿನ ನಲ್ಲಿ ಯಾವುದೆಂದು ತೋರಿಸಿದೆ.

ಈಗ ಟೀಚರ್ ಅಸೋಸಿಯೇಶನಿನ ಕಾರ್ಯದರ್ಶಿ. ಲಿಫ್ಟಿಗೂ ಮೆಟ್ಟಿಲಿನ ದೀಪಗಳಿಗೂ ಕರೆಂಟಿನ ಸೋಲಾರ್ ಹಾಕಿಸಬೇಕೆಂದು ಹೊಸ ಅರ್ಜಿ ಕೊಟ್ಟಿದ್ದೇವೆ. ಹಳೆಯ ಅರ್ಜಿಯನ್ನೂ ಬಿಟ್ಟಿಲ್ಲ. ಯೋಜನೆ ಇದ್ದಾಗ ಕೊಟ್ಟ ಅರ್ಜಿಗೆ ಅನುದಾನ ಕೊಡಲೇಬೇಕು ಎಂಬುದು ನಮ್ಮ ವಾದ. ಅದು ಭಿಕ್ಷೆಯಲ್ಲ, ಜನರಿಗೆಂದೇ ಇಟ್ಟದ್ದು. ಕಳೆದ ವಾರ ಹೋದಾಗ ಅಧಿಕಾರಿ ನಮ್ಮನ್ನು ಕಂಡೊಡನೆ ಎದ್ದು ಕುರ್ಚಿ ತೋರಿಸಿದರು.

"ನಿಮ್ಮ ಫೈಲ್ ಮೇಲೆ ಹೋಗಿದೆ."

"ಮೇಲೆ ಅಂದ್ರೆ ಎಲ್ಲಿ?" ಎಂದು ಟೀಚರ್ ಕೇಳಿದರು. "ವಿಳಾಸ ಕೊಡಿ."

ಅವರು ನಿಟ್ಟುಸಿರು ಬಿಟ್ಟು ಒಂದು ಚೀಟಿಯಲ್ಲಿ ಬರೆದುಕೊಟ್ಟರು. ಬೆಂಗಳೂರಿನ ಒಂದು ಕಚೇರಿ. ಟೀಚರ್ ಈಗ ರೈಲಿನ ಟಿಕೆಟ್ ನೋಡುತ್ತಿದ್ದಾರೆ. ಮೊಣಕಾಲಿನ ಕಾರಣಕ್ಕೆ ಇಬ್ಬರಿಗೂ ಕೆಳಗಿನ ಬರ್ತೇ ಬೇಕಂತೆ.